ಎಲ್ಲದಕ್ಕೂ ‘ಗುಡ್’, ‘ವೆರಿ ನೈಸ್’ ಅಂತಾನೇ ಬರುತ್ತಾ? ಇಂಗ್ಲಿಷಿಗೆ ಬಗೆಬಗೆಯ ಪದ ತಂದುಕೊಳ್ಳುವ ದಾರಿ

“ಸರ್, ಗ್ರಾಮರ್ ಒಂದು ಮಟ್ಟಿಗೆ ಬರುತ್ತೆ. ಆದರೆ ಬಾಯಿ ತೆಗೆದರೆ ಅದೇ ಗುಡ್, ಅದೇ ವೆರಿ ನೈಸ್. ಬೇರೆ ಪದಾನೇ ಹೊಳೆಯಲ್ಲ.” ಸಿಂಧನೂರಿನಲ್ಲಿ ಬಿ.ಎಡ್. ಓದುವವರು, ತೋರಣಗಲ್ಲಿನ ಕಾರ್ಖಾನೆಯಲ್ಲಿ ಕೆಲಸ ಮಾಡುವವರು, ಬಳ್ಳಾರಿಯಿಂದ ವಿದೇಶಕ್ಕೆ ನರ್ಸಿಂಗ್ ಕೆಲಸಕ್ಕೆ ಹೊರಟವರು, ಎಲ್ಲರೂ ಕೇಳುವುದು ಇದನ್ನೇ. ಒಬ್ಬೊಬ್ಬರಿಗೆ ಉತ್ತರ ಹೇಳುವ ಬದಲು ಇಲ್ಲೇ ಒಟ್ಟಿಗೆ ಬರೆದಿದ್ದೇನೆ.

ಮೊದಲೇ ಒಂದು ಮಾತು. ಇದು ಆಗಲೇ ನಾಲ್ಕು ವಾಕ್ಯ ಇಂಗ್ಲಿಷ್ ಮಾತಾಡಬಲ್ಲವರಿಗೆ. ಈಗಷ್ಟೇ ಶುರು ಮಾಡಿದವರು ಬೇರೆ ಬೇರೆ ಪದಗಳ ಚಿಂತೆ ಸದ್ಯಕ್ಕೆ ಬಿಡಿ. ಮೊದಲು ಜಾಸ್ತಿ ಬಳಕೆಯಲ್ಲಿರುವ ಎರಡು ಸಾವಿರ ಪದ ಕೈಗೆ ಬರಲಿ. ಮೈಕೆಲ್ ವೆಸ್ಟ್ ಎಂಬಾತ 1953ರಲ್ಲೇ ಅಂಥ ಸುಮಾರು 2000 ಪದಗಳ ಪಟ್ಟಿ ಮಾಡಿದ್ದ. ಸಾಮಾನ್ಯ ಇಂಗ್ಲಿಷ್ ಬರಹದಲ್ಲಿ ಹೆಚ್ಚಿನ ಪಾಲು ಆ ಪದಗಳೇ ಸಿಗುತ್ತವೆ.

ಇನ್ನೊಂದು ಮಾತು. ‘ಗುಡ್’ ತೆಗೆದು ಅದರ ಜಾಗಕ್ಕೆ ದೊಡ್ಡ ಪದವೊಂದನ್ನು ತಂದು ಕೂರಿಸಿದರೆ ಭಾಷೆ ಸುಧಾರಿಸುವುದಿಲ್ಲ. ನೀವು ಹೇಳಬೇಕೆಂದಿರುವ ಸಂಗತಿಯನ್ನು ಇನ್ನೂ ಸ್ವಲ್ಪ ಬಿಡಿಸಿ ನೋಡಿ. ಆಗ ಪದ ತಾನಾಗಿಯೇ ಬೇರೆಯಾಗುತ್ತೆ. ಕೆಳಗಿನ ಹಂತಗಳೆಲ್ಲ ಇದರ ಮೇಲೇ ನಿಂತಿವೆ.

ಏನೇನು ಬೇಕು

ಒಂದು ನೋಟ್‌ಬುಕ್. ಫೋನಿನಲ್ಲಿರುವ ವಾಯ್ಸ್ ರೆಕಾರ್ಡರ್. ದಿನಕ್ಕೆ ಇಪ್ಪತ್ತು ನಿಮಿಷ. ಜೊತೆಗೆ ಒಂದು ಲರ್ನರ್ಸ್ ಡಿಕ್ಷನರಿ.

ಈ ಕೊನೆಯದನ್ನು ಸ್ವಲ್ಪ ವಿವರಿಸಬೇಕು. ಲರ್ನರ್ಸ್ ಡಿಕ್ಷನರಿ ಅಂದರೆ ಇಂಗ್ಲಿಷ್ ಮನೆಮಾತಲ್ಲದವರಿಗಾಗಿ ಮಾಡಿದ ನಿಘಂಟು. ಇದರಲ್ಲಿ ಅರ್ಥವನ್ನು ಸುಲಭ ಇಂಗ್ಲಿಷಿನಲ್ಲಿ ಕೊಡುತ್ತಾರೆ, ಪ್ರತಿ ಪದಕ್ಕೂ ಉದಾಹರಣೆ ವಾಕ್ಯ ಇರುತ್ತೆ. ಎ.ಎಸ್. ಹಾರ್ನ್‌ಬಿ ಎಂಬ ಮೇಷ್ಟ್ರು ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಾಗ ಇಂಥದ್ದೊಂದನ್ನು ಸಿದ್ಧ ಮಾಡಿದ. 1942ರಲ್ಲಿ ಅದು ಟೋಕಿಯೊದಲ್ಲಿ ಅಚ್ಚಾಯಿತು. ಇವತ್ತು ಆಕ್ಸ್‌ಫರ್ಡ್‌ನ ಲರ್ನರ್ಸ್ ಡಿಕ್ಷನರಿ ಅಂತ ನಾವು ಬಳಸುವುದು ಅದರ ಮುಂದಿನ ರೂಪವೇ. ಆಕ್ಸ್‌ಫರ್ಡ್, ಕೇಂಬ್ರಿಜ್, ಲಾಂಗ್‌ಮನ್ ಮೂರೂ ಆನ್‌ಲೈನಿನಲ್ಲಿ ಪುಕ್ಕಟೆ ಸಿಗುತ್ತವೆ. ಯಾವುದಾದರೂ ಒಂದು ಸಾಕು.

ಇಂಗ್ಲಿಷ್-ಕನ್ನಡ ನಿಘಂಟು ಬೇಡ ಅನ್ನುತ್ತಿಲ್ಲ. ಅದು ಅರ್ಥ ಹೇಳುತ್ತೆ, ಆದರೆ ಪದವನ್ನು ಎಲ್ಲಿ ಬಳಸಬೇಕು ಅಂತ ಹೇಳುವುದು ಕಡಿಮೆ. ಸಮಾನಾರ್ಥಕ ಪದಗಳನ್ನು ಸಾಲಾಗಿ ಕೊಡುವ ಥಿಸಾರಸ್ ಅನ್ನು ಸದ್ಯಕ್ಕೆ ಮುಚ್ಚಿಡಿ. ಯಾಕೆ ಅಂತ ನಾಲ್ಕನೇ ಹಂತದಲ್ಲಿ ಹೇಳುತ್ತೇನೆ.

ಹಂತ 1: ನಿಮ್ಮ ಮಾತನ್ನು ನೀವೇ ಕೇಳಿ

ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ವಿಷಯ ಹಿಡಿಯಿರಿ. ಕೊಪ್ಪಳದ ಗವಿಮಠದ ಜಾತ್ರೆ ಆಗಬಹುದು, ನಿಮ್ಮೂರಿನ ಕಾಲುವೆ ನೀರಿನ ಕಥೆ ಆಗಬಹುದು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿ ನೀರು ಹರಿದುಹೋದ ಸುದ್ದಿಯಾದರೂ ಆದೀತು. ಅದರ ಬಗ್ಗೆ ಎರಡು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಿ, ರೆಕಾರ್ಡ್ ಮಾಡಿ. ತಯಾರಿ ಬೇಡ. ಆಮೇಲೆ ಅದನ್ನು ಕೇಳುತ್ತಾ ಇದ್ದದ್ದು ಇದ್ದ ಹಾಗೆ ಬರೆದುಕೊಳ್ಳಿ. ತಪ್ಪು ತಿದ್ದಬೇಡಿ.

ಈಗ ಮತ್ತೆ ಮತ್ತೆ ಬಂದ ಪದಗಳಿಗೆ ಗೆರೆ ಎಳೆಯಿರಿ. ನಮ್ಮ ಕಡೆಯವರಲ್ಲಿ ಸಾಮಾನ್ಯವಾಗಿ ಸಿಗುವವು ಇವು: ಗುಡ್, ನೈಸ್, ವೆರಿ, ಥಿಂಗ್, ಪೀಪಲ್, ಟೋಲ್ಡ್, ಕೇಮ್, ಸೋ, ದೆನ್, ಆಕ್ಚುಲಿ, ಬೇಸಿಕಲಿ.

ಇವು ಎರಡು ಜಾತಿ. ಆಕ್ಚುಲಿ, ಬೇಸಿಕಲಿ, ಲೈಕ್ ಇವೆಲ್ಲ ಬರೀ ತುಂಬುಪದ. ಯೋಚಿಸಲು ಟೈಮ್ ಬೇಕಾದಾಗ ಬಾಯಿಗೆ ಬರುತ್ತವೆ. ಇವನ್ನು ಬದಲಿಸಬೇಡಿ, ಬಿಟ್ಟೇಬಿಡಿ. ‘ಆಕ್ಚುಲಿ’ ಜಾಗಕ್ಕೆ ‘ಇನ್ ಫ್ಯಾಕ್ಟ್’ ತಂದರೆ ತುಂಬುಪದ ಬದಲಾಯಿತು, ಅಷ್ಟೇ. ಅಲ್ಲಿ ಸುಮ್ನೆ ಅರೆಕ್ಷಣ ನಿಲ್ಲಿ. ಗುಡ್, ನೈಸ್, ಟೋಲ್ಡ್ ಇಂಥವು ಸವೆದ ಪದಗಳು. ಕೆಲಸ ಮಾಡಬೇಕಿರುವುದು ಇವುಗಳ ಮೇಲೆ.

ಹಂತ 2: ಯಾವುದನ್ನು ಮುಟ್ಟಬಾರದು ಅಂತ ಗುರುತಿಸಿ

ಒಂದೇ ಪದ ಎರಡು ಸಲ ಬಂದರೆ ತಪ್ಪು ಅಂತ ಶಾಲೆಯಲ್ಲಿ ಯಾರೋ ಹೇಳಿರುತ್ತಾರೆ. ಅದು ಅರ್ಧ ಸತ್ಯ. ವಿಷಯದ ಹೆಸರು, ವಸ್ತುವಿನ ಹೆಸರು, ಕಾನೂನು ಅಥವಾ ತಾಂತ್ರಿಕ ಪದ ಎಷ್ಟು ಸಲ ಬಂದರೂ ಅದೇ ಇರಬೇಕು.

ಗಂಗಾವತಿಯ ನೆಲ್ಲಿನ (ಭತ್ತದ) ಬಗ್ಗೆ ಬರೆಯುತ್ತಿದ್ದೀರಿ ಅಂದುಕೊಳ್ಳಿ. ಮೊದಲ ವಾಕ್ಯದಲ್ಲಿ ಪ್ಯಾಡಿ, ಎರಡನೆಯದರಲ್ಲಿ ರೈಸ್, ಮೂರನೆಯದರಲ್ಲಿ ಗ್ರೇನ್, ನಾಲ್ಕನೆಯದರಲ್ಲಿ ಕ್ರಾಪ್ ಅಂತ ಬರೆದರೆ ಓದುವವರು ನಾಲ್ಕು ಬೇರೆ ಬೇರೆ ವಸ್ತು ಅಂದುಕೊಳ್ಳುತ್ತಾರೆ. ಪ್ಯಾಡಿ ಅಂದರೆ ನೆಲ್ಲು. ಅದು ಮಿಲ್ಲಿಗೆ ಹೋಗಿ ಬಂದಮೇಲೆ ರೈಸ್. ರೇಟೂ ಬೇರೆ ತಾನೇ? ಬರೀ ಚಂದಕ್ಕೆ ಪದ ಬದಲಿಸುವ ಈ ಚಟವನ್ನು ಇಂಗ್ಲಿಷಿನವರೇ ಗೇಲಿ ಮಾಡುತ್ತಾರೆ. ಫೌಲರ್ ಎಂಬ ನಿಘಂಟುಕಾರ ನೂರು ವರ್ಷಕ್ಕೂ ಹಿಂದೆಯೇ ಇದಕ್ಕೆ ‘ಎಲಿಗಂಟ್ ವೇರಿಯೇಶನ್’ ಅಂತ ವ್ಯಂಗ್ಯದ ಹೆಸರಿಟ್ಟಿದ್ದ.

ಸಾಮಾನ್ಯವಾಗಿ ಬದಲಾವಣೆ ಕೇಳುವುದು ಗುಣ ಹೇಳುವ ಪದಗಳು ಮತ್ತು ಕ್ರಿಯಾಪದಗಳು.

ಹಂತ 3: ‘ಹೇಗೆ ಚೆನ್ನಾಗಿದೆ?’ ಅಂತ ಕೇಳಿಕೊಳ್ಳಿ

ಗೆರೆ ಎಳೆದ ಪ್ರತಿ ‘ಗುಡ್’ ಹತ್ತಿರ ನಿಂತು ಈ ಪ್ರಶ್ನೆ ಹಾಕಿ. ಉತ್ತರ ಕನ್ನಡದಲ್ಲೇ ಬರಲಿ, ಪರವಾಗಿಲ್ಲ.

ಮಿರ್ಚಿ ಗುಡ್. ಹೇಗೆ ಗುಡ್? ಗರಿಗರಿ ಇದೆ: ಕ್ರಿಸ್ಪಿ. ಖಾರ ಇದೆ: ಸ್ಪೈಸಿ. ಈಗಷ್ಟೇ ಎಣ್ಣೆಯಿಂದ ತೆಗೆದದ್ದು: ಫ್ರೆಶ್‌ಲಿ ಫ್ರೈಡ್. ಇಲ್ಲಿ ‘ಹಾಟ್’ ಅಂದರೆ ಬಿಸಿಯೋ ಖಾರವೋ ಗೊತ್ತಾಗುವುದಿಲ್ಲ, ಅದಕ್ಕೇ ‘ಸ್ಪೈಸಿ’ ವಾಸಿ.

ರೋಡ್ ಗುಡ್. ಅಗಲ ಇದೆಯಾ? ವೈಡ್. ಗುಂಡಿ ಇಲ್ಲವಾ? ಸ್ಮೂತ್. ಹೊಸದಾಗಿ ಹಾಕಿದ್ದಾ? ನ್ಯೂಲಿ ಲೇಡ್.

ಟೀಚರ್ ಗುಡ್. ಎಷ್ಟು ಸಲ ಕೇಳಿದರೂ ಸಿಟ್ಟಾಗುವುದಿಲ್ಲ: ಪೇಶಂಟ್. ಬಿಡಿಸಿ ಹೇಳುತ್ತಾರೆ: ಕ್ಲಿಯರ್. ಎಲ್ಲರನ್ನೂ ಒಂದೇ ಥರ ನೋಡುತ್ತಾರೆ: ಫೇರ್.

ಗಮನಿಸಿ, ಇದರಲ್ಲಿ ಒಂದೂ ಕಷ್ಟದ ಪದವಲ್ಲ. ಬಹುತೇಕ ಎಲ್ಲವೂ ನಿಮಗೆ ಮೊದಲೇ ಗೊತ್ತಿದ್ದವೇ. ಕೇಳಿದರೆ ಅರ್ಥವಾಗುತ್ತವೆ, ಆದರೆ ಬಾಯಿಗೆ ಬರುವುದಿಲ್ಲ. ಭಾಷೆ ಕಲಿಸುವವರು ಇವನ್ನು ಪ್ಯಾಸಿವ್ ವೊಕ್ಯಾಬುಲರಿ ಅನ್ನುತ್ತಾರೆ, ಅಂದರೆ ಗೊತ್ತಿದ್ದೂ ಬಳಕೆಗೆ ಬಾರದ ಪದಗಳು. ಹೊಸ ಪದ ಕಲಿಯುವ ಮುಂಚೆ ಇವನ್ನು ಹೊರಗೆ ತರುವುದು ಸುಲಭ, ಲಾಭವೂ ಜಾಸ್ತಿ.

‘ವೆರಿ’ಯ ಕಥೆಯೂ ಹೀಗೇ. ವೆರಿ ಟಯರ್ಡ್ ಬದಲು ಎಕ್ಸಾಸ್ಟೆಡ್, ವೆರಿ ಕ್ರೌಡೆಡ್ ಬದಲು ಪ್ಯಾಕ್ಡ್, ಏಪ್ರಿಲ್-ಮೇ ತಿಂಗಳ ರಾಯಚೂರಿಗೆ ವೆರಿ ಹಾಟ್ ಬದಲು ಸ್ಕಾರ್ಚಿಂಗ್. ಆದರೆ ‘ವೆರಿ ಎಕ್ಸಾಸ್ಟೆಡ್’, ‘ವೆರಿ ಸ್ಕಾರ್ಚಿಂಗ್’ ಅನ್ನಬೇಡಿ. ಆ ಪದದೊಳಗೇ ‘ಬಹಳ’ ಸೇರಿಕೊಂಡಿದೆ.

ಹಂತ 4: ಪದದ ಜೊತೆಗಾರರನ್ನು ನೋಡಿ

ಜಾಸ್ತಿ ಜನ ಎಡವುವುದು ಇಲ್ಲಿ. ಕೊಲೊಕೇಶನ್ ಅಂತ ಒಂದಿದೆ. ಅಂದರೆ ಯಾವ ಪದದ ಜೊತೆ ಯಾವ ಪದ ಬರುವುದು ರೂಢಿಯೋ ಅದು. ಮಳೆ ಜೋರಾಗಿ ಬಂದರೆ ಹೆವಿ ರೇನ್. ಗಾಳಿ ಜೋರಾದರೆ ಸ್ಟ್ರಾಂಗ್ ವಿಂಡ್. ಸದ್ದು ಜೋರಾದರೆ ಲೌಡ್ ನಾಯ್ಸ್. ಜ್ವರ ಜೋರಾದರೆ ಹೈ ಫೀವರ್. ಕನ್ನಡದಲ್ಲಿ ಒಂದೇ ‘ಜೋರು’, ಇಂಗ್ಲಿಷಿನಲ್ಲಿ ನಾಲ್ಕು. ‘ಬಿಗ್ ರೇನ್’ ಅಂದರೆ ಅರ್ಥ ಆಗುತ್ತೆ, ಆದರೆ ಇಂಗ್ಲಿಷಿನವರ ಕಿವಿಗೆ ಎಲ್ಲೋ ಎಡವಿದ ಹಾಗೆ ಕೇಳುತ್ತೆ. ‘ಜ್ವರ ಗಟ್ಟಿಯಾಗಿದೆ’ ಅಂದರೆ ನಮಗೆ ಹೇಗೆ ಕೇಳುತ್ತೋ ಹಾಗೆ.

ಇದಕ್ಕೆ ಯಾವ ಸೂತ್ರವೂ ಇಲ್ಲ. ಚಹಾ ಸ್ಟ್ರಾಂಗ್ ಇರಬಹುದು, ಪವರ್‌ಫುಲ್ ಇರಲ್ಲ. ಎಂಜಿನ್ ಪವರ್‌ಫುಲ್. ಹೋಮ್‌ವರ್ಕ್ ‘ಡೂ’, ಮಿಸ್ಟೇಕ್ ‘ಮೇಕ್’. ಯಾಕೆ ಅಂದರೆ ರೂಢಿ, ಅಷ್ಟೇ.

ಹಾಗಾಗಿ ನೋಟ್‌ಬುಕ್ಕಿನಲ್ಲಿ ಒಂಟಿ ಪದ ಬರೆಯಬೇಡಿ. ಜೋಡಿಯನ್ನೇ ಬರೆಯಿರಿ, ಅದರ ಕೆಳಗೆ ನಿಮ್ಮ ಊರಿನದ್ದೇ ಒಂದು ವಾಕ್ಯ. ‘ಹೆವಿ: ಭಾರವಾದ’ ಅಂತಲ್ಲ. ‘ಹೆವಿ ರೇನ್, ಹೆವಿ ಟ್ರಾಫಿಕ್, ಹೆವಿ ಲಾಸ್’, ಕೆಳಗೆ ‘ಕಾಟನ್ ಗ್ರೋವರ್ಸ್ ಇನ್ ರಾಯಚೂರ್ ಸಫರ್ಡ್ ಹೆವಿ ಲಾಸಸ್’. ಲರ್ನರ್ಸ್ ಡಿಕ್ಷನರಿಯ ಉದಾಹರಣೆ ವಾಕ್ಯಗಳಲ್ಲಿ ಈ ಜೋಡಿಗಳನ್ನು ಹುಡುಕಿ.

ಎಚ್ಚರ: ಥಿಸಾರಸ್ ಬೇಡ ಅಂದದ್ದು ಇದಕ್ಕೇ. ಅದು ಪದಗಳನ್ನು ಗುಂಪು ಹಾಕಿ ಕೊಡುತ್ತೆ, ಅವುಗಳ ನಡುವಿನ ಅಂತರ ಹೇಳುವುದಿಲ್ಲ. ಸ್ಲಿಮ್, ಥಿನ್, ಸ್ಕಿನ್ನಿ ಮೂರೂ ‘ತೆಳ್ಳಗೆ’. ಮೊದಲನೆಯದು ಹೊಗಳಿಕೆ, ಎರಡನೆಯದು ಬರೀ ಸಂಗತಿ, ಮೂರನೆಯದನ್ನು ಅಂದರೆ ಎದುರಿಗಿದ್ದವರ ಮುಖ ಸಪ್ಪಗಾಗಬಹುದು. ಫೇಮಸ್ ಮತ್ತು ನಟೋರಿಯಸ್ ಎರಡೂ ‘ಹೆಸರಾದ’ವರೇ, ಆದರೆ ಎರಡನೆಯವರು ಕೆಟ್ಟದ್ದಕ್ಕೆ. ಊರಿನ ಹಿರಿಯರನ್ನು ವೇದಿಕೆಯ ಮೇಲೆ ‘ನಟೋರಿಯಸ್’ ಅಂತ ಪರಿಚಯಿಸಿದರೆ ಮುಂದಿನದ್ದಕ್ಕೆ ನಾನು ಜವಾಬ್ದಾರನಲ್ಲ.

ಹಂತ 5: ‘ಹಚ್ಚು’, ‘ಹಾಕು’, ‘ಹತ್ತು’ಗಳನ್ನು ಬಿಡಿಸಿ

ಇದು ರಾಯಚೂರು, ಕೊಪ್ಪಳ, ಬಳ್ಳಾರಿ ಈ ನಮ್ಮ ಮೂರು ಜಿಲ್ಲೆಯವರಿಗೆ ವಿಶೇಷವಾಗಿ ಬೇಕಾದ ಕೆಲಸ. ನಮ್ಮ ಕನ್ನಡದಲ್ಲಿ ಕೆಲವು ಕ್ರಿಯಾಪದ ಎಲ್ಲ ಕಡೆ ದುಡಿಯುತ್ತವೆ. ಇಂಗ್ಲಿಷಿಗೆ ಹೋಗುವಾಗ ನಾವು ಅವನ್ನೇ ಮನಸ್ಸಿನಲ್ಲಿಟ್ಟುಕೊಂಡು ಎಲ್ಲದಕ್ಕೂ ‘ಪುಟ್’ ಅಂದುಬಿಡುತ್ತೇವೆ.

‘ಹಚ್ಚು’ ನೋಡಿ. ದೀಪ ಹಚ್ಚಿದರೆ ಲೈಟ್. ಗೋಡೆಗೆ ಬಣ್ಣ ಹಚ್ಚಿದರೆ ಪೇಂಟ್. ಗಾಯಕ್ಕೆ ಮುಲಾಮು ಹಚ್ಚಿದರೆ ಅಪ್ಲೈ. ಫೋನ್ ಹಚ್ಚಿದರೆ ಕಾಲ್. ಮಗನನ್ನು ಸಾಲಿಗೆ (ಶಾಲೆಗೆ) ಹಚ್ಚಿದರೆ ಎನ್‌ರೋಲ್. ನೆಲ್ಲು ಹಚ್ಚಿದರೆ ಟ್ರಾನ್ಸ್‌ಪ್ಲಾಂಟ್.

‘ಹಾಕು’ ಇನ್ನೂ ದೊಡ್ಡದು. ಅಂಗಿ ಹಾಕು ಅಂದರೆ ವೇರ್ ಅಥವಾ ಪುಟ್ ಆನ್. ಬೀಗ ಹಾಕು: ಲಾಕ್. ಸಹಿ ಹಾಕು: ಸೈನ್. ಓಟು ಹಾಕು: ವೋಟ್. ಫ್ಯಾನ್ ಹಾಕು: ಟರ್ನ್ ಆನ್. ಕೆಲಸಕ್ಕೆ ಅರ್ಜಿ ಹಾಕು: ಅಪ್ಲೈ. ಕೇಸ್ ಹಾಕು: ಫೈಲ್. ನಾಯಿಗೆ ಅನ್ನ ಹಾಕು: ಫೀಡ್. ದುಡ್ಡು ಅಕೌಂಟಿಗೆ ಹಾಕು: ಡೆಪಾಸಿಟ್. ‘ಐ ಪುಟ್ ಸೈನ್’, ‘ಐ ಪುಟ್ ಲಾಕ್’ ಎಲ್ಲಿಂದ ಬಂದವು ಅಂತ ಈಗ ಗೊತ್ತಾಯಿತಲ್ವಾ?

‘ಹತ್ತು’: ಬಸ್ ಹತ್ತಿದರೆ ಗೆಟ್ ಆನ್. ಅಂಜನಾದ್ರಿಯ ಮೆಟ್ಟಿಲು ಹತ್ತಿದರೆ ಕ್ಲೈಂಬ್. ಬಣವೆಗೆ ಬೆಂಕಿ ಹತ್ತಿದರೆ ಕ್ಯಾಚ್ ಫೈರ್. ಟೈಮ್ ಹತ್ತಿದರೆ ಟೇಕ್.

ಒಂದು ಪುಟಕ್ಕೆ ಒಂದು ಕನ್ನಡ ಕ್ರಿಯಾಪದ ಬರೆದು, ಅದರ ಕೆಳಗೆ ಈ ಥರ ಬಳ್ಳಿ ಬೆಳೆಸಿ. ಮಾಡು, ಆಗು, ಹೊಡಿ, ಬಿಡು, ಕೊಡು ಇವುಗಳನ್ನೂ ಹೀಗೇ ಬಿಡಿಸಿ. ವಾರಕ್ಕೊಂದು ಕ್ರಿಯಾಪದ ಸಾಕು. ಮನೆಯಲ್ಲಿ ಯಾರಾದರೂ ಮಾತಾಡುವಾಗ ಕಿವಿಗೊಡಿ, ಹೊಸ ಬಳಕೆ ಸಿಗುತ್ತಲೇ ಇರುತ್ತವೆ.

ಇನ್ನೊಂದು ಮಾತು. ಇಂಗ್ಲಿಷಿನಲ್ಲೂ ಇಂಥ ಬಹುಬಳಕೆಯ ಕ್ರಿಯಾಪದಗಳಿವೆ: ಗೆಟ್, ಟೇಕ್, ರನ್, ಟರ್ನ್. ಇವಕ್ಕೆ ಅಪ್, ಔಟ್, ಆಫ್ ಸೇರಿದರೆ ಫ್ರೇಸಲ್ ವರ್ಬ್, ಅಂದರೆ ಕ್ರಿಯಾಪದಕ್ಕೆ ಚಿಕ್ಕ ಪದ ಅಂಟಿಕೊಂಡು ಹೊಸ ಅರ್ಥ ಹುಟ್ಟುವುದು. ಪೋಸ್ಟ್‌ಪೋನ್ ಅನ್ನುವಲ್ಲಿ ಪುಟ್ ಆಫ್, ರಿಜೆಕ್ಟ್ ಅನ್ನುವಲ್ಲಿ ಟರ್ನ್ ಡೌನ್, ಡೀಸೆಲ್ ಖಾಲಿಯಾದರೆ ರನ್ ಔಟ್ ಆಫ್. ನಾವು ಇಂಗ್ಲಿಷನ್ನು ಪಠ್ಯಪುಸ್ತಕದಿಂದ ಕಲಿತವರು. ಅದಕ್ಕೇ ಇವು ನಮ್ಮ ಬಾಯಲ್ಲಿ ಕಡಿಮೆ. ಮಾತು ಹಗುರಾಗಬೇಕಾದರೆ ಇವು ಬೇಕೇ ಬೇಕು.

ಹಂತ 6: ಎಲ್ಲಿ ಯಾವ ಪದ ಅಂತ ತೂಗಿ

ಇದರಲ್ಲಿ ನೀವು ಆಗಲೇ ಪಳಗಿದವರು, ನಿಮಗೇ ಗೊತ್ತಿಲ್ಲ. ಗೆಳೆಯನಿಗೆ ‘ಪಗಾರ ಆತೇನಪಾ’ ಅನ್ನುತ್ತೀರಿ. ಮನೆಯಲ್ಲಿ ‘ಸಂಬಳ’ ಅನ್ನುತ್ತೀರಿ. ಕಚೇರಿಗೆ ಅರ್ಜಿ ಬರೆಯುವಾಗ ‘ವೇತನ’ ಆಗುತ್ತೆ. ದವಾಖಾನೆ-ಆಸ್ಪತ್ರೆ-ಚಿಕಿತ್ಸಾಲಯ ಕೂಡ ಹಾಗೇ. ರಾಯಚೂರು, ಕೊಪ್ಪಳ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಹಾಗಾಗಿ ಉರ್ದುವಿನ ಪದಗಳು ನಮ್ಮ ದಿನಬಳಕೆಯಲ್ಲಿ ಉಳಿದವು. ಬಳ್ಳಾರಿ 1953ರ ತನಕ ಮದ್ರಾಸ್ ರಾಜ್ಯದಲ್ಲಿತ್ತು, ಅಲ್ಲಿ ತೆಲುಗಿನ ನಂಟು ಜಾಸ್ತಿ. ಒಂದೇ ವಸ್ತುವಿಗೆ ಮೂರು ಪದ ಇಟ್ಟುಕೊಂಡು ಜಾಗ ನೋಡಿ ಬಳಸುವುದು ನಮಗೆ ಹೊಸದಲ್ಲ.

ಇಂಗ್ಲಿಷಿನಲ್ಲೂ ಹೀಗೇ ಆಗಿದೆ. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯವರು ಇಂಗ್ಲೆಂಡನ್ನು ಗೆದ್ದಮೇಲೆ ಅರಮನೆ ಮತ್ತು ಕೋರ್ಟಿಗೆ ಫ್ರೆಂಚ್ ಬಂತು. ಓದು, ಧರ್ಮ, ವಿಜ್ಞಾನದ ಜೊತೆ ಲ್ಯಾಟಿನ್ ಪದಗಳು ಬಂದವು. ಹೊಲ ಮತ್ತು ಮನೆಯಲ್ಲಿ ಹಳೆಯ ಇಂಗ್ಲಿಷ್ ಉಳಿಯಿತು. ಅದಕ್ಕೇ ಕೇಳುವುದಕ್ಕೆ ಆಸ್ಕ್ ಇದೆ, ಕ್ವೆಶ್ಚನ್ ಇದೆ, ಇಂಟರಾಗೇಟ್ ಇದೆ. ಮಗು ‘ಆಸ್ಕ್’ ಮಾಡುತ್ತೆ, ಪತ್ರಕರ್ತರು ‘ಕ್ವೆಶ್ಚನ್’ ಮಾಡುತ್ತಾರೆ, ಪೊಲೀಸರು ‘ಇಂಟರಾಗೇಟ್’ ಮಾಡುತ್ತಾರೆ.

ಸಾಮಾನ್ಯ ಲೆಕ್ಕ ಇಷ್ಟು. ಚಿಕ್ಕ ಪದ ಮಾತಿಗೆ, ಉದ್ದ ಪದ ಕಾಗದಕ್ಕೆ. ಬೈ-ಪರ್ಚೇಸ್, ಹೆಲ್ಪ್-ಅಸಿಸ್ಟ್, ಬಿಗಿನ್-ಕಮೆನ್ಸ್. ಗೆಳೆಯರ ಗ್ರೂಪಿನಲ್ಲಿ ‘ವಿ ಶಲ್ ಕಮೆನ್ಸ್ ದ ಜರ್ನಿ’ ಅಂತ ಹಾಕಿದರೆ ನಗುತ್ತಾರೆ. ಅನುಮಾನ ಇದ್ದಾಗ ಚಿಕ್ಕದೇ ಇರಲಿ.

ಆಫೀಸ್ ಪತ್ರಗಳಲ್ಲಿ ಬರುವ ‘ಕೈಂಡ್‌ಲಿ ಡೂ ದ ನೀಡ್‌ಫುಲ್’ ಬಗ್ಗೆ ಬಹಳ ಜನ ಕೇಳುತ್ತಾರೆ. ಭಾರತದಲ್ಲಿ ಎಲ್ಲರಿಗೂ ಅರ್ಥ ಆಗುತ್ತೆ, ನಾಚಿಕೆ ಪಡಬೇಕಾಗಿಲ್ಲ. ನನ್ನ ತಕರಾರು ಬೇರೆ: ಏನು ಮಾಡಬೇಕು ಅಂತ ಅದು ಹೇಳುವುದೇ ಇಲ್ಲ. ‘ಪ್ಲೀಸ್ ಸೆಂಡ್ ದ ಮಾರ್ಕ್ಸ್ ಕಾರ್ಡ್ ಬೈ ಫ್ರೈಡೇ’ ಅಂತ ಬರೆದರೆ ಕೆಲಸ ಆಗುತ್ತೆ.

ಐಇಎಲ್‌ಟಿಎಸ್, ಅಂದರೆ ವಿದೇಶಕ್ಕೆ ಓದಲು ಅಥವಾ ಕೆಲಸಕ್ಕೆ ಹೋಗುವವರ ಇಂಗ್ಲಿಷ್ ಪರೀಕ್ಷೆ, ಬರೆಯುವವರಿಗೆ ಒಂದು ಮಾಹಿತಿ. ಅದರ ಬರವಣಿಗೆ ಮತ್ತು ಮಾತಿನ ಪರೀಕ್ಷೆ ಎರಡರಲ್ಲೂ ನಾಲ್ಕು ಮಾನದಂಡಗಳಿವೆ. ಅವುಗಳಲ್ಲಿ ‘ಲೆಕ್ಸಿಕಲ್ ರಿಸೋರ್ಸ್’ ಒಂದು, ಅಂದರೆ ಪದಬಳಕೆಯ ಶಕ್ತಿ. ಅಂಕದ ಕಾಲು ಭಾಗ ಅದಕ್ಕೆ. 7ನೇ ಬ್ಯಾಂಡಿನ (ಅಂಕದ ಮಟ್ಟದ) ವಿವರಣೆಯಲ್ಲಿ ಅಪರೂಪದ ಪದಗಳ ಜೊತೆಗೇ ಶೈಲಿ ಮತ್ತು ಕೊಲೊಕೇಶನ್‌ನ ಅರಿವನ್ನೂ ಕೇಳುತ್ತಾರೆ. ದೊಡ್ಡ ಪದಗಳನ್ನು ಬಾಯಿಪಾಠ ಮಾಡಿ ತುಂಬಿಸಿದರೆ ಅಂಕ ಬರುವುದಿಲ್ಲ ಅಂತಾಯಿತು.

ಹಂತ 7: ವಾಕ್ಯವನ್ನೇ ತಿರುಗಿಸಿ

ಪದ ಬದಲಾಗದೇ ಮಾತು ಹೊಸದಾಗಬಹುದು. ಮೊದಲ ಹಂತದಲ್ಲಿ ಬರೆದುಕೊಂಡದ್ದನ್ನು ತೆಗೆಯಿರಿ, ಪ್ರತಿ ವಾಕ್ಯದ ಮೊದಲ ಪದಕ್ಕೆ ಸುತ್ತು ಹಾಕಿ. ಐ, ಐ, ಐ, ವಿ, ಐ... ಹೀಗೇ ಸಾಲು ಇರುತ್ತೆ, ನೋಡಿ.

ಕನ್ನಡದಲ್ಲಿ ‘ಹೊಸಪೇಟೆಗೆ ಹೋಗಿ, ಡ್ಯಾಮ್ ನೋಡಿ, ಊಟ ಮಾಡಿ, ಬಂದ್ವಿ’ ಅಂದರೆ ಎಷ್ಟು ಸಲೀಸು. ಅದನ್ನೇ ‘ವಿ ವೆಂಟ್ ಟು ಹೊಸಪೇಟೆ ಅಂಡ್ ಸಾ ದ ಡ್ಯಾಮ್ ಅಂಡ್ ಏಟ್ ಅಂಡ್ ಕೇಮ್’ ಅಂದರೆ ಮಗು ಹೇಳಿದ ಹಾಗಿರುತ್ತೆ. ಹೀಗೆ ತಿರುಗಿಸಿ: ‘ಆಫ್ಟರ್ ಸೀಯಿಂಗ್ ದ ಡ್ಯಾಮ್ ಅಟ್ ಹೊಸಪೇಟೆ, ವಿ ಸ್ಟಾಪ್ಡ್ ಫಾರ್ ಲಂಚ್. ಬೈ ಈವ್ನಿಂಗ್ ವಿ ವರ್ ಹೋಮ್.’ ಒಂದು ವಾಕ್ಯ ಎರಡಾಯಿತು, ಮೂರು ‘ಅಂಡ್’ ಹೋದವು.

ಅಭ್ಯಾಸ ಹೀಗೆ. ಒಂದು ಸಂಗತಿ ತೆಗೆದುಕೊಂಡು ಮೂರು ಕಡೆಯಿಂದ ಶುರು ಮಾಡಿ. ಅಕಾಲದ ಮಳೆಗೆ ಬೆಳೆ ಹಾಳಾಯಿತು ಅನ್ನೋಣ. ಮಳೆಯಿಂದ ಶುರು: ‘ಅನ್‌ಸೀಸನಲ್ ರೇನ್ ರುಯಿನ್ಡ್ ದ ಕ್ರಾಪ್.’ ಬೆಳೆಯಿಂದ ಶುರು: ‘ದ ಕ್ರಾಪ್ ವಾಸ್ ಲಾಸ್ಟ್ ಟು ಅನ್‌ಸೀಸನಲ್ ರೇನ್.’ ರೈತರಿಂದ ಶುರು: ‘ಫಾರ್ಮರ್ಸ್ ಲಾಸ್ಟ್ ದೇರ್ ಕ್ರಾಪ್ ವೆನ್ ಇಟ್ ರೇನ್ಡ್ ಔಟ್ ಆಫ್ ಸೀಸನ್.’ ಮೂರರಲ್ಲಿ ಯಾವುದು ಸರಿ? ನೀವು ಯಾರ ಬಗ್ಗೆ ಮಾತಾಡುತ್ತಿದ್ದೀರಿ ಅನ್ನುವುದರ ಮೇಲೆ. ರೈತರ ಕಷ್ಟ ಹೇಳುತ್ತಿದ್ದರೆ ಮೂರನೆಯದು.

ಎಚ್ಚರ: ‘ಮೋರ್‌ಓವರ್’, ‘ಫರ್ದರ್‌ಮೋರ್’, ‘ಹೆನ್ಸ್’ಗಳನ್ನು ಮಂಡಕ್ಕಿ ಚೆಲ್ಲಿದಂತೆ ಚೆಲ್ಲಬೇಡಿ. ಎರಡು ವಾಕ್ಯಕ್ಕೆ ನಿಜವಾಗಿ ಸಂಬಂಧ ಇದ್ದರೆ ಓದುವವರಿಗೆ ತಾನೇ ಕಾಣುತ್ತೆ. ‘ಇಟ್ ಈಸ್ ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’ ಥರದ ಹಳೆಯ ನುಡಿಗಟ್ಟುಗಳೂ ಬೇಡ. ಇಂಗ್ಲಿಷಿನವರೇ ಈಗ ಅದನ್ನು ಅಷ್ಟಾಗಿ ಆಡುವುದಿಲ್ಲ.

ಹಂತ 8: ಮರೆಯದ ಹಾಗೆ ನೋಡಿಕೊಳ್ಳಿ

ದಿನಕ್ಕೆ ಐದು ಜೋಡಿ ಸಾಕು. ಐವತ್ತು ಬರೆದರೆ ಐವತ್ತೂ ಹೋಗುತ್ತವೆ. ಇವತ್ತು ಬರೆದದ್ದನ್ನು ನಾಳೆ, ಆಮೇಲೆ ಮೂರು ದಿನ ಬಿಟ್ಟು, ಆಮೇಲೆ ವಾರ ಬಿಟ್ಟು ನೋಡಿ. ಪುಟ ಮುಚ್ಚಿ ನೆನಪಿಸಿಕೊಳ್ಳಿ, ಆಮೇಲೆ ತೆರೆಯಿರಿ. ತೆರೆದಿಟ್ಟುಕೊಂಡು ಹತ್ತು ಸಲ ಓದುವುದಕ್ಕಿಂತ ಇದು ಗಟ್ಟಿ. ತಿಂಗಳಿಗೊಮ್ಮೆ ಹಳೆಯ ವಿಷಯದ ಮೇಲೇ ಮತ್ತೆ ರೆಕಾರ್ಡ್ ಮಾಡಿ ಎರಡನ್ನೂ ಹೋಲಿಸಿ.

ಎಐ ಚಾಟ್ ಬಳಸಬಹುದಾ ಅಂತ ಕೇಳುವವರಿಗೆ: ಬಳಸಿ, ಆದರೆ ‘ಇದನ್ನು ಚೆನ್ನಾಗಿ ಬರೆದುಕೊಡು’ ಅನ್ನಬೇಡಿ. ಅದು ಬರೆಯುತ್ತೆ, ನೀವು ಕಲಿಯುವುದಿಲ್ಲ. ‘ಈ ಎರಡು ಪದಗಳ ಬಳಕೆಯಲ್ಲಿ ಏನು ವ್ಯತ್ಯಾಸ, ತಲಾ ಮೂರು ವಾಕ್ಯ ಕೊಡು’ ಅಂತ ಕೇಳಿ. ಕೊಟ್ಟದ್ದನ್ನು ನಿಘಂಟಿನಲ್ಲಿ ಒಮ್ಮೆ ತಾಳೆ ನೋಡಿ.

ಹಂತ 9: ಪದ ಸಿಗದಿದ್ದಾಗ ಸುತ್ತಿ ಹೇಳಿ

ಇಂಟರ್‌ವ್ಯೂನಲ್ಲಿ ಪದ ಕೈಕೊಟ್ಟರೆ ಏನು ಮಾಡಬೇಕು? ಪ್ಯಾರಾಫ್ರೇಸ್ ಮಾಡಿ, ಅಂದರೆ ಗೊತ್ತಿರುವ ಪದಗಳಲ್ಲೇ ಅದನ್ನು ವಿವರಿಸಿ. ಇದಕ್ಕೆ ಮೂರು ಅಚ್ಚು ಬಾಯಿಗೆ ಬಂದಿರಲಿ: ‘ಇಟ್ಸ್ ಎ ಕೈಂಡ್ ಆಫ್...’, ‘ಇಟ್ಸ್ ಮೇಡ್ ಆಫ್...’, ‘ವಿ ಯೂಸ್ ಇಟ್ ಟು...’.

ಅಭ್ಯಾಸಕ್ಕೆ ಇಂಗ್ಲಿಷಿನಲ್ಲಿ ಹೆಸರೇ ಇಲ್ಲದ ವಸ್ತುಗಳನ್ನು ಆರಿಸಿ. ಆನೆಗುಂದಿಗೆ ಬಂದ ವಿದೇಶಿ ಪ್ರವಾಸಿಗೆ ವಿವರಿಸುತ್ತಿದ್ದೀರಿ ಅಂದುಕೊಳ್ಳಿ. ಜೋಳದ ರೊಟ್ಟಿ: ‘ಎ ಕೈಂಡ್ ಆಫ್ ಥಿನ್ ಫ್ಲಾಟ್‌ಬ್ರೆಡ್, ಮೇಡ್ ಆಫ್ ಸಾರ್ಗಮ್ ಫ್ಲೋರ್, ಪ್ಯಾಟೆಡ್ ಔಟ್ ಬೈ ಹ್ಯಾಂಡ್.’ ಕಿನ್ನಾಳ ಗೊಂಬೆ: ‘ಎ ಪೇಂಟೆಡ್ ಫಿಗರ್ ಕಾರ್ವ್ಡ್ ಫ್ರಮ್ ಲೈಟ್ ವುಡ್.’ ಇನ್ನು ಮಂಡಕ್ಕಿ ಒಗ್ಗರಣೆ, ಎತ್ತಿನ ಕೊರಳ ಗೆಜ್ಜೆ, ಶೇಂಗಾ ಹಿಂಡಿ, ಜಾತ್ರೆಯ ತೇರು ಇವನ್ನು ನೀವೇ ಪ್ರಯತ್ನಿಸಿ. ಹೆಸರು ಹೇಳದೆ ಗೆಳೆಯರಿಗೆ ವಿವರಿಸಿ, ಯಾವುದು ಅಂತ ಅವರು ಗುರುತಿಸಬೇಕು. ಗುರುತಿಸದಿದ್ದರೆ ಅದೇ ವಸ್ತುವನ್ನು ಇನ್ನೊಂದು ಬಗೆಯಲ್ಲಿ ಹೇಳಿ ನೋಡಿ.